ಮೂರು ಸಾರಿ ಕೂಗಿದ ಮೇಲೆ

ಜೂನ್ 9

ಅಪ್ಪ,

ಮೊನ್ನೆ ಫೋನಿನಲ್ಲಿ ಆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಅತ್ತೆ ಫೋನನ್ನು ನಿನ್ನ ಕಿವಿಗೆ ಹಿಡಿದು, "ಕೇಳಿಸ್ಕೋತಾ ಇದಾನೆ, ಹೇಳು" ಅಂದರು. ಹೇಳಬೇಕೆಂದು ನಾನು ಏನೇನೋ ಒಟ್ಟು ಮಾಡಿ ಇಟ್ಟುಕೊಂಡಿದ್ದೆ. ಆ ಕಡೆಯಿಂದ "ಏನು ಪಿಟೀಲು?" ಎಂಬ ಮಾತು ಬರುವುದಿಲ್ಲ ಎಂದು ಗೊತ್ತಿದ್ದೂ ಅದಕ್ಕೇ ಕಾಯುತ್ತಾ ನಿಂತುಬಿಟ್ಟೆ. ನೀನೂ ಕಾಯುತ್ತಾ ನಿಂತೆ. ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ನಮ್ಮಿಬ್ಬರಿಗೂ ಒಂದೇ ಗಂಟಲು.

ಒಂದು ಸುದ್ದಿ ಇದೆ. ಆಸ್ಪತ್ರೆಯ ಟೆಲಿಫೋನ್ ಮೇಜಿನಿಂದ ನನ್ನನ್ನು ಎಬ್ಬಿಸಿದರು. ಈಗ ಅಲ್ಲಿ ಯಂತ್ರವೇ "ಒಂದನ್ನು ಒತ್ತಿ, ಎರಡನ್ನು ಒತ್ತಿ" ಎನ್ನುತ್ತದೆ. ಆ ಯಂತ್ರದೊಳಗೆ ಮಾತಾಡಿದ ಹೆಂಗಸಿನ ಮೇಲೆ ಕೆಲವು ದಿನ ಹೊಟ್ಟೆ ಉರಿಯಿತು. ಆಮೇಲೆ ಅನ್ನಿಸಿತು, ಅವಳನ್ನೂ ಯಾರೋ ಕರೆದು ಕೂರಿಸಿ ಆ ಮಾತು ಓದಿಸಿರಬೇಕಲ್ಲ? ನನ್ನನ್ನು ಯಾಕೆ ಕರೆಯಬಾರದು?

ಹಾಗಾಗಿ ಮನೆಯಲ್ಲೇ ಕೂತು ಧ್ವನಿ ಕೊಡುವ ಕೆಲಸ ಶುರುಮಾಡಿದ್ದೇನೆ. ಜಾಹೀರಾತು, ಮಕ್ಕಳ ಪಾಠ, ಯಂತ್ರಗಳ ಮಾತು, ಯಾರು ಏನು ಕೊಟ್ಟರೂ ಓದಿ ಧ್ವನಿ ಮುದ್ರಿಸಿ ಕಳಿಸುವುದು. ಇನ್ನೂ ಯಾರೂ ಏನೂ ಕೊಟ್ಟಿಲ್ಲ ಎಂಬುದೊಂದು ಬಿಟ್ಟರೆ ಎಲ್ಲ ಚೆನ್ನಾಗಿ ನಡೆಯುತ್ತಿದೆ.

ಸ್ಟುಡಿಯೋ ಎಲ್ಲಿ ಎಂದು ಕೇಳು. ನಿನ್ನ ಕೋಣೆಯ ಗೋಡೆ ಕಪಾಟಿನೊಳಗೆ! ಬರಿಗೋಡೆಯ ಕೋಣೆಯಲ್ಲಿ ಮಾತಾಡಿದರೆ ಧ್ವನಿ ಗೋಡೆಗೆ ಬಡಿದು ವಾಪಸು ಬರುತ್ತದೆ, ಬಾವಿಯೊಳಗಿಂದ ಕೂಗಿದ ಹಾಗೆ ಕೇಳುತ್ತದೆ. ಬಟ್ಟೆಗಳ ನಡುವೆ ಕೂತರೆ ಬಟ್ಟೆಯೇ ಅದನ್ನು ನುಂಗಿಕೊಳ್ಳುತ್ತದೆ. ಕೆಳಗಿನ ಹಲಗೆ ಕಿತ್ತು ಸ್ಟೂಲು ಹಾಕಿದ್ದೇನೆ. ಮುಂದೆ ಮೈಕು, ಎರಡು ಪಕ್ಕಕ್ಕೆ ನಿನ್ನ ಕೋಟುಗಳು, ಬೆನ್ನಿಗೆ ನಿನ್ನ ಕಂದು ಬಣ್ಣದ ದಪ್ಪ ಕೋಟು. ನುಸಿಗುಳಿಗೆಯ ವಾಸನೆಗೆ ಮೊದಲು ಸೀನು ಬರುತ್ತಿತ್ತು, ಈಗ ಇಲ್ಲ. ಬಾಗಿಲು ಎಳೆದುಕೊಂಡು ಕೂತಾಗ ನೀನು ಮಾರುಕಟ್ಟೆಯಿಂದ ಬಂದು ಕೋಟು ಕಳಚದೆ ನನ್ನನ್ನು ಎತ್ತಿಕೊಳ್ಳುತ್ತಿದ್ದ ಹಾಗೆಯೇ ಆಗುತ್ತದೆ.

ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ಸ್ವಲ್ಪ ಸುಧಾರಿಸಿಕೊಂಡು ಬರುತ್ತೇನೆ ಎಂದು ಅತ್ತೆಯ ಮನೆಗೆ ಹೋದವನು ನೀನು. ಇನ್ನೂ ಸುಧಾರಿಸುತ್ತಲೇ ಇದ್ದೀಯ. ಯಾವಾಗ ಬರುತ್ತೀಯ?

ನಿನ್ನ ಪಿಟೀಲು


ಜೂನ್ 21

ಪಿಟೀಲು,

ನನ್ನ ಕಪಾಟು ಹೋಯಿತು ಎಂದಾಯಿತು. ಇರಲಿ. ಹುಟ್ಟಿದ ದಿನವೇ ಆ ರಾಗ ಎಳೆದವಳು ನೀನು. ಪಕ್ಕದ ಮನೆಯವರು ಯಾರ ಮನೆಯಲ್ಲಿ ಪಿಟೀಲು ಕುಯ್ಯುತ್ತಿದ್ದಾರೆ ಎಂದು ಕೇಳಿಕೊಂಡು ಬಂದಿದ್ದರು. ಹೆಸರು ಹಾಗೆ ಬಂತು. ಈಗ ಅದೇ ಕೆಲಸ ಆಗಿದೆ, ಒಳ್ಳೆಯದೇ.

ಕಾಗದ ಬರೆಯುವುದು ನನಗೆ ಬರುವುದಿಲ್ಲ. ಇಡೀ ಆಯಸ್ಸು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿಕೊಂಡೇ ಬದುಕಿದವನು. ಹೇಳುವುದೆಲ್ಲ ಬಾಯಲ್ಲೇ ಹೇಳಿ ಮುಗಿಸಿದ್ದೆ. ಆದರೂ ನೀನು ಕಸುಬಿಗೆ ಇಳಿದಿದ್ದೀಯ, ಎರಡು ಮಾತು ಹೇಳುತ್ತೇನೆ.

ಉಸಿರು ಮುಗಿಯುವ ಮೊದಲು ಮಾತು ಮುಗಿಸು. ಮಾತು ಮುಗಿಯುವ ಮೊದಲು ಉಸಿರು ಮುಗಿದರೆ ಕೊಳ್ಳುವವನಿಗೆ ಗೊತ್ತಾಗಿಬಿಡುತ್ತದೆ, ಈರುಳ್ಳಿಯಲ್ಲಿ ಏನೋ ಐಬಿದೆ ಅಂದುಕೊಳ್ಳುತ್ತಾನೆ.

ಇನ್ನೊಂದು. "ಒಂದು ಸಾರಿ, ಎರಡು ಸಾರಿ, ಮೂರು ಸಾರಿ" ಎಂದು ಕೂಗುವಾಗ ಹೊಸಬರು ಮೂರನೆಯದನ್ನು ಕಿರುಚುತ್ತಾರೆ. ಹಾಗಲ್ಲ. ಮೂರನೆಯದನ್ನು ಮೆಲ್ಲಗೆ ಹೇಳಬೇಕು. ಆಗ ಎಲ್ಲರೂ ಕಿವಿ ಕೊಟ್ಟು ಮುಂದೆ ಬಾಗುತ್ತಾರೆ. ಅದು ಆದಮೇಲೆ ಮುಗಿಯಿತು, ಮಾಲು ಅವನದು. ಅವನೂ ಇಲ್ಲ ಅನ್ನುವ ಹಾಗಿಲ್ಲ, ಕೂಗಿದ ನಾನೂ ಇಲ್ಲ ಅನ್ನುವ ಹಾಗಿಲ್ಲ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಕೊರಳಿನ ತೂತಿನಿಂದ ಉಸಿರು ಹೋಗಿ ಬರುವಾಗ ಒಂದು ಸೀಟಿ ಬರುತ್ತದೆ. ಅಕ್ಕನ ಬೆಕ್ಕು ಮೊದಮೊದಲು ಮಂಚದ ಕೆಳಗೆ ಇಲಿ ಹುಡುಕುತ್ತಿತ್ತು. ಈಗ ನನ್ನ ಎದೆಯ ಮೇಲೇ ಬಂದು ಮಲಗುತ್ತದೆ. ಏನಾದರೂ ಬೇಕಾದರೆ ಸ್ಲೇಟಿನಲ್ಲಿ ಬರೆದು ತೋರಿಸುತ್ತೇನೆ. ಅಕ್ಕ ಕನ್ನಡಕ ಹುಡುಕಿ ಓದುವ ಹೊತ್ತಿಗೆ ಬೇಕು ಅನ್ನಿಸಿದ್ದೇ ಹೋಗಿಬಿಟ್ಟಿರುತ್ತದೆ.

ಮುಂದಿನ ತಿಂಗಳ ಕೊನೆಗೆ ಬರುತ್ತೇನೆ. ಚೀಲ ಆಗಲೇ ಅರ್ಧ ತುಂಬಿಸಿದ್ದೇನೆ. ಅಕ್ಕನಿಗೆ ಹೇಳಿಲ್ಲ.

ಅಪ್ಪ


ಜುಲೈ 12

ಅಪ್ಪ,

ಮೊದಲ ಕೆಲಸ ಬಂತು! ಲಿಫ್ಟಿನೊಳಗಿನ ಮಾತು. "ಬಾಗಿಲು ಮುಚ್ಚುತ್ತಿದೆ", "ಮೇಲೆ ಹೋಗುತ್ತಿದೆ", "ಕೆಳಗೆ ಹೋಗುತ್ತಿದೆ". ಇಷ್ಟೇ. ಮೊದಲು ಕಳಿಸಿದ್ದಕ್ಕೆ, ಬಾಗಿಲು ಮುಚ್ಚುತ್ತಿದೆ ಅನ್ನುವುದು ಬೆದರಿಸಿದ ಹಾಗಿದೆ ಅಂದರು. ಮತ್ತೆ ಓದಿದೆ, ಈಗ ಬೇಡಿಕೊಂಡ ಹಾಗಿದೆ ಅಂದರು. ಕೊನೆಗೆ ನಿನ್ನ ಮಾತು ನೆನೆದು ಮೆಲ್ಲಗೆ ಹೇಳಿದೆ, ಒಪ್ಪಿದರು.

ಈ ಮೈಕಿನ ಕಿವಿ ನಿನಗೆ ಗೊತ್ತಿಲ್ಲ ಅಪ್ಪ. ನಮಗೆ ಕೇಳದ್ದೆಲ್ಲ ಅದಕ್ಕೆ ಕೇಳುತ್ತದೆ. ನನ್ನ ಹೊಟ್ಟೆ ಗುರುಗುಟ್ಟಿದ್ದೂ ಲಿಫ್ಟಿನ ಮಾತಿನ ಜೊತೆ ಸೇರಿಕೊಂಡಿತ್ತು. ಹಾಗಾಗಿ ಮನೆಯ ಸದ್ದುಗಳನ್ನೆಲ್ಲ ಒಂದೊಂದಾಗಿ ಓಡಿಸುತ್ತಿದ್ದೇನೆ. ಗೋಡೆ ಗಡಿಯಾರವನ್ನು ಎದುರುಮನೆಯ ದರ್ಜಿಗೆ ಕೊಟ್ಟುಬಿಟ್ಟೆ. ಅವರು ಮಧ್ಯಾಹ್ನ ಬೀದಿ ಮಲಗುವ ಹೊತ್ತಿಗೆ ನನಗೋಸ್ಕರ ಹೊಲಿಗೆ ಯಂತ್ರ ನಿಲ್ಲಿಸಿ ಗುಂಡಿ ಹಚ್ಚುತ್ತಾ ಕೂರುತ್ತಾರೆ. ಫ್ರಿಜ್ಜು ಆರಿಸುತ್ತೇನೆ, ಮತ್ತೆ ಹಾಕುವುದು ಮರೆತು ಹಾಲು ಒಡೆಯುತ್ತದೆ. ನಲ್ಲಿಗೆ ಬಟ್ಟೆ ಸುತ್ತಿದ್ದೇನೆ. ಮೊನ್ನೆ ಆಸ್ಪತ್ರೆಯ ಗೆಳತಿ, ಆ ಬಿಳಿ ಸ್ಕೂಟರಿನ ನರ್ಸು, ಶೀತ ಹಿಡಿದುಕೊಂಡು ಬಂದಿದ್ದಳು. ನಿನ್ನ ಮಂಚದ ಮೇಲೆ ಕೂತು ಕೇಳುತ್ತೇನೆ ಅಂದಳು. ಅವಳ ಮೂಗಿನ ಉಸಿರು ಗೊರಗೊರ ಎಂದು ಮೈಕಿಗೆ ಬಂತು. ಉಸಿರಾಡಬೇಡ ಎಂದು ಹೇಳುವ ಹಾಗಿಲ್ಲವಲ್ಲ, ಮೆಟ್ಟಿಲ ಮೇಲೆ ಹೋಗಿ ಕೂತ್ಕೊ ಮಾರಾಯ್ತಿ ಎಂದು ಹೊರಗೆ ಕಳಿಸಿದೆ.

ಇನ್ನೊಂದು ವಿಚಿತ್ರ ಕೇಳು. ಪ್ರತಿ ಕೆಲಸಕ್ಕೂ ಮೊದಲು ಬಾಯಿ ಮುಚ್ಚಿ ಕೂತು, ಕೋಣೆಯ ಮೌನವನ್ನು ಸ್ವಲ್ಪ ಹೊತ್ತು ಮುದ್ರಿಸಬೇಕು. ಒಂದೊಂದು ಕೋಣೆಗೆ ಒಂದೊಂದು ಮೌನವಂತೆ. ತಪ್ಪು ಕತ್ತರಿಸಿದ ಜಾಗಕ್ಕೆ ಅದನ್ನೇ ತುಂಬುತ್ತಾರೆ. ಬರಿದೇ ಬಿಟ್ಟರೆ ಕೇಳುವವರಿಗೆ ದಾರಿಯಲ್ಲಿ ಗುಂಡಿ ಸಿಕ್ಕ ಹಾಗಾಗುತ್ತದಂತೆ. ಶುರುವಿಗೂ ಕೊನೆಗೂ ಅದೇ ಮೌನ ಇರಬೇಕು, ನಡುವೆ ಬದಲಾದರೆ ಮೊದಲಿನಿಂದ ಓದಬೇಕು.

ಈಗ ಮನೆಯಲ್ಲಿ ಒಂದು ಸೂಜಿ ಬಿದ್ದರೂ ಗೊತ್ತಾಗುತ್ತದೆ. ನೀನು ಬಂದಾಗ ನೋಡುವೆಯಂತೆ.

ನಿನ್ನ ಪಿಟೀಲು


ಜುಲೈ 30

ಪಿಟೀಲು,

ನಿನ್ನ ಕಾಗದ ಬಂತು. ಸಂತೋಷ. ಎದುರುಮನೆಯ ದರ್ಜಿಯವರಿಗೆ ನನ್ನ ನಮಸ್ಕಾರ ಹೇಳು. ಕೆಲಸ ನಿಲ್ಲಿಸಿ ಕೂರುವುದು ಸಣ್ಣ ಮಾತಲ್ಲ.

ಈ ತಿಂಗಳು ಬರಲು ಆಗುವುದಿಲ್ಲ. ಅಕ್ಕನಿಗೆ ಕಾಲು ನೋವು. ಅವಳು ಒಬ್ಬಳೇ ನೀರು ಎತ್ತುವುದು ಕಷ್ಟ. ನಿನ್ನ ಕೆಲಸವೂ ಈಗ ತಾನೇ ಹಿಡಿತಕ್ಕೆ ಬರುತ್ತಿದೆ.

ಚಳಿ ಶುರುವಾಗುವ ಮೊದಲು ಆ ಕಂದು ಕೋಟನ್ನು ಯಾರ ಕೈಯಲ್ಲಾದರೂ ಕಳಿಸು. ಇಲ್ಲಿ ಬೆಳಗಿನ ಹೊತ್ತು ತಣ್ಣಗಿರುತ್ತದೆ.

ನಿನ್ನ ಗೆಳತಿಯ ಶೀತ ವಾಸಿಯಾಯಿತೇ? ಆಮೇಲೆ ಅವಳನ್ನು ಒಳಗೆ ಕರೆದೆಯಾ?

ಅಪ್ಪ


ಆಗಸ್ಟ್ 18

ಅಪ್ಪ,

ಕೋಟು ಕಳಿಸುವುದಿಲ್ಲ. ನೀನು ಕೋಟು ಕೇಳಿದೆ ಎಂದರೆ ಚಳಿಗಾಲ ಪೂರ್ತಿ ಅಲ್ಲೇ ಇರುತ್ತೇನೆ ಎಂದು ಹೇಳಿದ ಹಾಗೆ. ಆ ಕೋಟನ್ನು ತೆಗೆದರೆ ನನ್ನ ಬೆನ್ನ ಹಿಂದೆ ಬರಿ ಹಲಗೆ, ಮಾತೆಲ್ಲ ತಿರುಗಿ ಬಂದು ಮುಖಕ್ಕೆ ಹೊಡೆಯುತ್ತದೆ. ಚಳಿಯಾದರೆ ಮನೆಗೆ ಬಂದು ಹಾಕಿಕೊ.

ಅತ್ತೆಗೆ ಫೋನ್ ಮಾಡಿದ್ದೆ. ಕಾಲು ನೋವು ಹೇಗಿದೆ ಅಂದರೆ, "ಯಾರ ಕಾಲು?" ಅಂದರು. ಸುಳ್ಳು ಹೇಳುವಷ್ಟು ಏನಾಯಿತು ಅಪ್ಪ? ಕಪಾಟು ಹಿಡಿದುಕೊಂಡಿದ್ದಕ್ಕೆ ಕೋಪವೇ? ಅದನ್ನಾದರೂ ಬಿಡಿಸಿ ಬರೆ.

ಗೆಳತಿ ಹುಷಾರಾಗಿದ್ದಾಳೆ. ಕೆಲಸದ ಹೊತ್ತಿಗೆ ಮಾತ್ರ ಈಗಲೂ ಮೆಟ್ಟಿಲ ಮೇಲೇ.

ಕಳೆದ ವಾರ ನನ್ನ ಲಿಫ್ಟನ್ನು ನೋಡಿಕೊಂಡು ಬಂದೆ. ಹೊಸ ಕಟ್ಟಡ, ಒಳಗೆಲ್ಲ ಬಣ್ಣದ ವಾಸನೆ. ಒಬ್ಬಳೇ ಮೇಲೆ ಕೆಳಗೆ ಓಡಾಡಿದೆ. ಒಬ್ಬ ಮುದುಕಿ ಹತ್ತಿದರು. ನನ್ನ ಧ್ವನಿ "ಬಾಗಿಲು ಮುಚ್ಚುತ್ತಿದೆ" ಅಂದಿತು. ಅವರು ಸೂರು ನೋಡಿಕೊಂಡು, "ಮುಚ್ಚಮ್ಮ, ಯಾರು ಬೇಡ ಅಂದ್ರು" ಅಂದರು. ನಗು ಬಂತು, ತಕ್ಷಣ ನಿನಗೆ ಹೇಳಬೇಕು ಅನ್ನಿಸಿತು. ನೀನು ಅದನ್ನು ಇಡೀ ಮಾರುಕಟ್ಟೆಗೆ ಕೇಳುವ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆ.

ಅಲ್ಲಿಂದ ಬಂದವಳೇ ಮನೆಯ ಹಳೆಯ ಫೋನುಗಳನ್ನೆಲ್ಲ ಚಾರ್ಜಿಗೆ ಹಾಕಿ ಹುಡುಕಿದೆ. ನನ್ನ ಧ್ವನಿ ಲಿಫ್ಟಿನಲ್ಲಿ ಶಾಶ್ವತವಾಗಿ ಕೂತಿದೆ, ನಿನ್ನ ಧ್ವನಿಯ ಒಂದು ಚೂರೂ ನಮ್ಮ ಬಳಿ ಇಲ್ಲ. ಅಷ್ಟು ದೊಡ್ಡ ಧ್ವನಿಯನ್ನು ಯಾರಾದರೂ ಹಿಡಿದಿಟ್ಟುಕೊಳ್ಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಅದು ಯಾವಾಗಲೂ ಇರುತ್ತಿತ್ತಲ್ಲ. ನನ್ನ ಹುಟ್ಟುಹಬ್ಬದ ಒಂದು ವಿಡಿಯೊ ಸಿಕ್ಕಿತು. ಫೋನ್ ಹಿಡಿದಿದ್ದವನು ನೀನೇ. ಏನಾದರೂ ಅಂದೇ ಇರುತ್ತೀಯ ಎಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಎಲ್ಲರೂ ಮಾತಾಡುತ್ತಾರೆ, ಆಗಿನ್ನೂ ಬದುಕಿದ್ದ ಅಮ್ಮ ಕೂಡ ಇದ್ದಾಳೆ. ಕೊನೆಯಲ್ಲಿ ನೀನು ಏನೋ ಹೇಳಲು ಹೊರಟು ಉಸಿರು ಎಳೆದುಕೊಳ್ಳುತ್ತೀಯ. ಅಷ್ಟಕ್ಕೆ ವಿಡಿಯೊ ನಿಂತುಹೋಗುತ್ತದೆ.

ಆ ಉಸಿರನ್ನು ನಾನು ದಿನಾ ಕೇಳುತ್ತೇನೆ. ಏನು ಹೇಳಲು ಹೊರಟಿದ್ದೆಯೋ ನಿನಗೂ ಈಗ ನೆನಪಿರಲಾರದು.

ಮನೆಗೆ ಬಾ ಅಪ್ಪ.

ಪಿಟೀಲು


ಸೆಪ್ಟೆಂಬರ್ 14

ಪಿಟೀಲು,

ಉತ್ತರ ತಡವಾಯಿತು. ಕೋಪ ಯಾತರದ್ದು? ಕಪಾಟಿನಲ್ಲಿ ಕೋಟು ಸುಮ್ಮನೆ ನೇತಾಡುವುದಕ್ಕಿಂತ ನಿನಗೆ ಕೆಲಸಕ್ಕೆ ಬಂದರೆ ನನಗೇ ಹೆಮ್ಮೆ. ಅಕ್ಕನ ಕಾಲು ಚೆನ್ನಾಗಿದೆ. ಅದೊಂದು ಮಾತಿಗೆ ಬರೆದೆ, ಬಿಡು.

ಒಂದು ವಿಷಯ ತಿಳಿದುಕೊಳ್ಳಬೇಕಿತ್ತು. ದಪ್ಪ ಬಟ್ಟೆ ಸದ್ದನ್ನು ನುಂಗುತ್ತದೆ ಎಂದು ಬರೆದಿದ್ದೆಯಲ್ಲ, ಎಷ್ಟು ದಪ್ಪ ಇರಬೇಕು? ಅಕ್ಕ ಒಂದು ಉಣ್ಣೆಯ ಪಟ್ಟಿ ಹೆಣೆದು ಕೊಟ್ಟಿದ್ದಾಳೆ. ಅದನ್ನು ಕೊರಳಿಗೆ ಸುತ್ತಿಕೊಂಡು ನೋಡಿದೆ. ಅವಳನ್ನು ಪಕ್ಕದ ಕೋಣೆಗೆ ಕಳಿಸಿ, ಬಂದ ಮೇಲೆ ಸೀಟಿ ಕೇಳುತ್ತದೆಯೇ ಎಂದು ಸ್ಲೇಟಿನಲ್ಲಿ ಬರೆದೆ. ಕೇಳುತ್ತದೆ ಅಂದಳು. ಅಡುಗೆಮನೆಗೆ ಕಳಿಸಿದೆ, ಅಲ್ಲಿಗೂ ಕೇಳುತ್ತದಂತೆ. ಹಿತ್ತಿಲಿಗೆ ಹೋದರೆ ಕೇಳುವುದಿಲ್ಲವಂತೆ. ಎರಡು ಸುತ್ತು ಸುತ್ತಿದರೆ ಸೀಟಿ ನಿಲ್ಲುತ್ತದೆ, ಆದರೆ ಬಹಳ ಹೊತ್ತು ಇರಲು ಆಗುವುದಿಲ್ಲ. ಅಕ್ಕ ನೋಡಿ ಬೈದು ಕಿತ್ತುಕೊಂಡಳು.

ನಮ್ಮ ಮನೆಗೆ ಹಿತ್ತಿಲಿಲ್ಲ. ಮೆಟ್ಟಿಲ ಮೇಲೆ ಕೂರಬಹುದು ಎನ್ನು. ಆದರೆ ನಿನ್ನ ಕೆಲಸ ದಿನಾ ಇರುತ್ತದೆ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ, ನಾನು ಲೆಕ್ಕ ಹಾಕುತ್ತಿದ್ದೆ ಅಷ್ಟೇ.

ಇಷ್ಟು ವರ್ಷ ನನ್ನ ಬಾಯಿಗೆ ಆ ಮನೆ ಸಾಲುತ್ತಿರಲಿಲ್ಲ. ಈಗ ಉಸಿರಿಗೂ ಸಾಲದು ಎಂದು ಅಕ್ಕನಿಗೆ ಸ್ಲೇಟಿನಲ್ಲಿ ಬರೆದು ತೋರಿಸಿದೆ. ಅವಳು ನಗಲಿಲ್ಲ. ಅವಳಿಗೆ ತಮಾಷೆ ಯಾವತ್ತೂ ಅರ್ಥವಾಗುವುದಿಲ್ಲ.

ಅಪ್ಪ


ಸೆಪ್ಟೆಂಬರ್ 27

ಅಪ್ಪ,

ನಿನ್ನ ಕಾಗದವನ್ನು ಕಪಾಟಿನೊಳಗೆ ಕೂತು ಓದಿದೆ. ಓದಿ ಮುಗಿಸಿದ ಮೇಲೆ ಕಂದು ಕೋಟಿನ ತೋಳು ಹಿಡಿದುಕೊಂಡು ಅತ್ತುಬಿಟ್ಟೆ. ಮೈಕು ಹಾಕಿಯೇ ಇತ್ತು. ಅದೆಲ್ಲ ಮುದ್ರಣ ಆಗಿದೆ. ಪಿಟೀಲು ಅಂದರೆ ಪಿಟೀಲೇ, ನೀನಿಟ್ಟ ಹೆಸರು ಸುಳ್ಳಲ್ಲ.

ಶೀತದ ಗೆಳತಿಯನ್ನು ನೀನು ವಿಚಾರಿಸಿದಾಗ ಎಷ್ಟು ಒಳ್ಳೆಯವನು ನನ್ನಪ್ಪ ಅಂದುಕೊಂಡೆ. ನೀನು ಕೇಳಿದ್ದು ಅವಳ ಬಗ್ಗೆ ಅಲ್ಲ, ನಿನ್ನ ಬಗ್ಗೆ. ನಾನು ಜಂಬದಿಂದ ಸದ್ದುಗಳನ್ನು ಓಡಿಸಿದ್ದೇನೆ ಎಂದು ಬರೆದುಕೊಂಡು ಕೂತಿದ್ದೆ, ನೀನು ಅಲ್ಲಿ ತುಂಬಿಸಿಟ್ಟ ಚೀಲವನ್ನು ಬಿಚ್ಚಿದೆ. ನೀನಿಲ್ಲದ ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದು ಬಾಯಿಬಿಟ್ಟು ಹೇಳಲಾರದೆ ಗಡಿಯಾರ, ಫ್ರಿಜ್ಜು, ನಲ್ಲಿ ಎಂದು ಬರೆದೆ ಅಪ್ಪ. ನಿನಗೆ ಅದು ತಿರುಗುಮುರುಗಾಗಿ ಕೇಳಿತು. ಇನ್ನು ಮೇಲೆ ಸುತ್ತಿ ಬಳಸಿ ಬರೆಯುವುದಿಲ್ಲ. ನೀನಿಲ್ಲದೆ ನನಗೆ ಆಗುತ್ತಿಲ್ಲ.

ಆ ಪಟ್ಟಿಯನ್ನು ಇನ್ನೊಂದು ಸಲ ಕೊರಳಿಗೆ ಸುತ್ತಿದರೆ ನನ್ನಾಣೆ. ನಾನು ಇಲ್ಲಿ ಕೂತು ನಿನ್ನ ಒಂದೇ ಒಂದು ಉಸಿರನ್ನು ಹಳೆಯ ಫೋನಿನಿಂದ ಹೆಕ್ಕಿ ದಿನಾ ಕೇಳುತ್ತಿದ್ದೇನೆ. ನೀನು ಅಲ್ಲಿ ಕೂತು ಅದನ್ನೇ ಮುಚ್ಚಿಡುವುದು ಕಲಿಯುತ್ತಿದ್ದೀಯ.

ಈಗ ಕಸುಬಿನ ಮಾತು ಕೇಳು, ನೀನು ಕಸುಬಿನವನು. ನನಗೆ ಒಂದು ದೊಡ್ಡ ಪುಸ್ತಕ ಸಿಕ್ಕಿದೆ. ಇಡೀ ಕಾದಂಬರಿಯನ್ನು ಕೇಳುಗರಿಗಾಗಿ ಓದಬೇಕು, ತಿಂಗಳುಗಟ್ಟಲೆ ಕೆಲಸ. ಅದನ್ನು ಕತ್ತರಿಸಿ ಜೋಡಿಸುವ ಸಂಕಲನದ ಹೆಂಗಸು ಬಹಳ ಖಡಕ್ಕು, ಎಂಜಲು ನುಂಗಿದ ಸದ್ದಿಗೂ ವಾಪಸು ಕಳಿಸುತ್ತಾರೆ. ನಿನ್ನ ಕಾಗದ ಬಂದ ಮಾರನೇ ದಿನ ಗೆಳತಿಯನ್ನು ಮೆಟ್ಟಿಲಿಂದ ಒಳಗೆ ಕರೆದೆ. ನಿನ್ನ ಮಂಚದ ಮೇಲೆ ಮಲಗಿಸಿ, ಹಲ್ಲಿನ ಸಂದಿಯಿಂದ ಮೆಲ್ಲಗೆ ಸೀಟಿ ಬರುವ ಹಾಗೆ ಉಸಿರಾಡು ಅಂದೆ. ಕೊನೆಗೂ ನನ್ನ ಉಸಿರಿಗೆ ಮರ್ಯಾದೆ ಸಿಕ್ಕಿತು ಎಂದು ಮಲಗಿದಳು, ಹಾಗೇ ನಿದ್ದೆಯೂ ಹೋದಳು. ನಾನು ಕಪಾಟಿನ ಬಾಗಿಲು ಎಳೆದುಕೊಂಡು, ಕೋಟುಗಳ ಮಧ್ಯೆ ಒಂದು ಪುಟ ಓದಿ ಕಳಿಸಿದೆ. ಸಂಕಲನದವರಿಗೆ ಇರುವುದನ್ನು ಇದ್ದ ಹಾಗೆ ಹೇಳಿದೆ. ನಮ್ಮ ತಂದೆ ಹೀಗೆ, ಅವರ ಉಸಿರು ಹೀಗೆ, ಆ ಮಂಚ ಅಲ್ಲಿಂದ ಕದಲುವುದಿಲ್ಲ. ಆಗುವುದಿಲ್ಲ ಎಂದರೆ ಪುಸ್ತಕ ಬೇರೆಯವರಿಗೆ ಕೊಡಿ ಎಂದೂ ಹೇಳಿದೆ.

ಅವರು ಕೇಳಿ ಫೋನ್ ಮಾಡಿದರು. "ದೂರದ ಗಾಳಿ ಥರ ಇದೆ ಅಷ್ಟೇ. ಮೊದಲಿಂದ ಕೊನೇವರೆಗೆ ಇದ್ರೆ ನಾನು ನೋಡ್ಕೋತೀನಿ. ಬಂದು ಬಂದು ಹೋಗೋ ಸದ್ದು ಮಾತ್ರ ನಂಗೆ ಬೇಡ ನೋಡಿ" ಅಂದರು.

ಕೇಳಿಸಿತೇ ಅಪ್ಪ? ಗಡಿಯಾರ ದರ್ಜಿಯ ಮನೆಯಲ್ಲೇ ಇರಲಿ. ನಲ್ಲಿಯ ಬಟ್ಟೆಯೂ ಇರಲಿ. ನಾಲ್ಕು ದಿನ ಬಂದು ಹೋಗುತ್ತೇನೆ ಅನ್ನುವುದಾದರೆ ನೀನೂ ಅಲ್ಲೇ ಇರು. ಬಂದು ಇರುವುದಾದರೆ ಬಾ. ಪುಸ್ತಕ ಇನ್ನೂ ಶುರುಮಾಡಿಲ್ಲ. ಮೊದಲು ಕೋಣೆಯ ಮೌನ ಹಿಡಿಯಬೇಕು. ನೀನಿಲ್ಲದ ಮೌನವನ್ನು ಹಿಡಿದರೆ ಇಡೀ ಪುಸ್ತಕ ನೀನಿಲ್ಲದೆ ಓದಬೇಕಾಗುತ್ತದೆ. ನನ್ನಿಂದ ಆಗುವುದಿಲ್ಲ.

ಜೂನಿನಲ್ಲಿ ಯಾವಾಗ ಬರುತ್ತೀಯ ಎಂದು ಬರೆದೆ, ಅದು ಒಂದು ಸಾರಿ. ಆಗಸ್ಟಿನಲ್ಲಿ ಬಾ ಎಂದು ಬರೆದೆ, ಅದು ಎರಡು ಸಾರಿ. ಮೂರನೆಯದನ್ನು ನೀನು ಕಲಿಸಿದ ಹಾಗೆ ಮೆಲ್ಲಗೆ ಹೇಳುತ್ತಿದ್ದೇನೆ.

ಬಾ ಅಪ್ಪ.

ನಿನ್ನ ಪಿಟೀಲು


ಅಕ್ಟೋಬರ್ 6

ಪಿಟೀಲು,

ಮೂರನೆಯದು ಕೇಳಿಸಿತು. ಸರಿಯಾಗಿ ಹೇಳಿದ್ದೀಯ, ಕೊನೆಯಲ್ಲಿ ಉಸಿರೂ ಮಿಕ್ಕಿದೆ.

ಮಾಲು ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತದೆ. ಹಳೆಯ ಮಾಲು, ಒಂದು ಕಡೆ ತೂತು, ಸೀಟಿ ಹಾಕುತ್ತದೆ. ನೋಡಿಯೇ ಕೂಗಿದ್ದೀಯ, ಆಮೇಲೆ ವಾಪಸು ಅಂದರೆ ನಡೆಯುವುದಿಲ್ಲ. ಕೋಟು ಅಲ್ಲೇ ಇರಲಿ, ಚಳಿಯಾದರೆ ಕಂಬಳಿ ಹೊದೆಯುತ್ತೇನೆ.

ಉಣ್ಣೆಯ ಪಟ್ಟಿಯನ್ನು ಬೆಕ್ಕಿಗೆ ಹಾಸಿ ಕೊಟ್ಟೆ. ಅಕ್ಕ ಬೆಳಗಿನಿಂದ ನನ್ನ ಚೀಲವನ್ನು ತಾನೇ ತುಂಬಿ, ತಾನೇ ಬಿಚ್ಚಿ, ಮತ್ತೆ ತುಂಬುತ್ತಿದ್ದಾಳೆ.

ಆ ವಿಡಿಯೊದಲ್ಲಿ ಏನು ಹೇಳಲು ಹೊರಟಿದ್ದೆ ಎಂದು ಬಹಳ ಯೋಚಿಸಿದೆ. ನನಗೆ ಗೊತ್ತು. ಫೋನ್ ಹಿಡಿದು ಯಾವಾಗಲೂ ಅದನ್ನೇ ಅನ್ನುತ್ತಿದ್ದೆ: ಇನ್ನೂ ಸ್ವಲ್ಪ ಹತ್ತಿರ ಬಾ.

ನಾನು ಬಂದು ಮಲಗಿಕೊಂಡ ಮೇಲೆ ಕೋಣೆಯ ಮೌನ ಹಿಡಿ.

ಅಪ್ಪ